ಬಾತುಕೋಳಿಗೆ ಹಚ್ಚಿದ ಮುಖ

ಇಸೊಲೀನಾಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ನಲವತ್ತೆರಡನ್ನು ಅವಳು ಹಳೇ ಪತ್ರಿಕೆ ಹರಿದು, ಒರೆಸ್ತೆಯ ಬೇಕರಿಯಿಂದ ತಂದ ಮೈದಾದ ಅಂಟಿನಲ್ಲಿ ಅದ್ದಿ, ಕಾರ್ನಿವಾಲ್ ಮೆರವಣಿಗೆಯ ಬಂಡಿಗಳಿಗೆ ಕಾಗದದ ತಲೆ ಮಾಡುತ್ತ ಕಳೆದಿದ್ದಾಳೆ. ಮಂತ್ರಿಮಹೋದಯರ ದೊಡ್ಡ ತಲೆಗಳು ಬಂಡಿ ಕಟ್ಟುವ ಷೆಡ್ಡಿನ ಯಜಮಾನ ನೇದೋನ ಪಾಲು. ಬಂಡಿಯ ಅಂಚಿನ ಸಣ್ಣಪುಟ್ಟ ತಲೆಗಳು ಇವಳವು. ಊರು ಹೆದರುತ್ತಿದ್ದುದು ಈ ಸಣ್ಣ ತಲೆಗಳಿಗೇ. ಮಂತ್ರಿಯ ಮುಖ ಯಾರಿಗೆ ಬೇಕು? ಈ ಸಲ ಹಂದಿಗೆ ಯಾರ ಮೂಗು, ಕತ್ತೆಗೆ ಯಾರ ಹಲ್ಲು ಎಂದು ನೋಡಲು ಜನ ಕಡಲದಂಡೆಯ ಬೀದಿಯಲ್ಲಿ ಕತ್ತು ಉದ್ದ ಮಾಡಿಕೊಂಡು ನಿಲ್ಲುತ್ತಿದ್ದರು. ಸಿಕ್ಕಿಬಿದ್ದವನು ಒಂದು ವಾರ ಸಿಡಿಮಿಡಿಗುಟ್ಟಿ, ಆಮೇಲೆ ಜೀವಮಾನವಿಡೀ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

ಹಾಗೆ ತಿರುಗದೆ ಉಳಿದವಳು ದರ್ಜಿ ಆರ್ಜಿಯಾ ಒಬ್ಬಳೇ. ಒಂದನೇ ಕ್ಲಾಸಿನಿಂದ ಇಸೊಲೀನಾಳ ಪಕ್ಕದಲ್ಲೇ ಕೂತವಳು. ಒಂಬತ್ತು ವರ್ಷದ ಹಿಂದೆ ಇಸೊಲೀನಾ ಒಂದು ಬಾತುಕೋಳಿಗೆ ಅವಳ ಮುಖ ಹಚ್ಚಿಬಿಟ್ಟಳು. ಹಗ್ಗ ಎಳೆದರೆ ಅದರ ಬಾಯಿ ತೆರೆದು ಮುಚ್ಚುತ್ತಿತ್ತು, ಆರ್ಜಿಯಾ ಬಾಲ್ಕನಿಯಲ್ಲಿ ನಿಂತು ಊರ ಸುದ್ದಿ ಸಾರುವಾಗಿನ ಹಾಗೆಯೇ. ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆರ್ಜಿಯಾ ಒಳಗೆ ಹೋಗಿ ಕಿಟಕಿ ಮುಚ್ಚಿದಳು. ಅಂದಿನಿಂದ ಮಾತಿಲ್ಲ. ಮೀನಂಗಡಿಯಲ್ಲಿ ಎದುರಾದರೆ ಮೀನನ್ನಾದರೂ ಮಾತಾಡಿಸುತ್ತಾಳೆ, ಇವಳನ್ನು ಇಲ್ಲ.

ಕ್ಷಮೆ ಕೇಳುವುದು ಇಸೊಲೀನಾಳ ಜಾಯಮಾನವಲ್ಲ. ಆದರೆ ಸಂಜೆ ಯಾರ ಮೇಲಾದರೂ ಚಾಡಿ ಹೇಳೋಣವೆಂದರೆ ತಕ್ಕ ಕಿವಿಯೇ ಇಲ್ಲದ ಸಂಕಟ ಅವಳನ್ನು ತಿನ್ನುತ್ತಿತ್ತು. ಈ ವರ್ಷ ನೇದೋ ಬಂಡಿಯ ಮೇಲೆ ಕೋಳಿಗೂಡು ಕಟ್ಟಿ, ಅದರ ಒಂದು ಮೂಲೆಗೆ ಬಾತು ಬೇಕೆಂದ.

"ಯಾರ ಮುಖ ಹಾಕ್ತೀಯಕ್ಕಾ?"

"ನಿನ್ನ ಕೆಲಸ ನೀನು ನೋಡ್ಕೋ."

ಕನ್ನಡಿ ಎದುರಿಟ್ಟುಕೊಂಡು ಜೇಡಿಮಣ್ಣಿನಲ್ಲಿ ತನ್ನದೇ ಮುಖ ತಿದ್ದಿದಳು. ಜೋಲುಗಲ್ಲ, ನರಹುಲಿ, ಆರ್ಜಿಯಾಳದ್ದಕ್ಕಿಂತ ಅಗಲವಾದ ಬಾಯಿ. ಆರ್ಜಿಯಾ ಒಮ್ಮೆ ನೋಡಿ ನಕ್ಕರೆ ಸಾಕಿತ್ತು. ಮೂಗಿನ ಹತ್ತಿರ ಬಂದಾಗ ಮಾತ್ರ ಕೈ ತಡೆಯಿತು. ಹೆಬ್ಬೆರಳಿನಿಂದ ಒಂದು ಚೂರು ಒಳಕ್ಕೆ ಒತ್ತಿದಳು. ಆಮೇಲೆ ಇನ್ನೊಂದು ಚೂರು. ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಅದರೊಳಗೆ ಕಾಗದ ಮೆತ್ತಿ ಒಣಗಿಸಿದ ಮೇಲೆ ತಿದ್ದುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಸಲ ತೋಪು ಹಾರಿ ಬಂಡಿಗಳು ಹೊರಟವು. ಇಸೊಲೀನಾ ಪುಕ್ಕದ ಟೋಪಿ ಹಾಕಿಕೊಂಡು, ಬಾತಿನ ಪಕ್ಕದಲ್ಲೇ ಕೂತು ಹಗ್ಗ ಎಳೆಯುತ್ತಿದ್ದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೇಕರಿಯ ಒರೆಸ್ತೆ ಗುಂಪಿನಿಂದ ನುಗ್ಗಿ ಬಂದ.

"ಏನಕ್ಕಾ ಇದು? ನನ್ನ ಗಲ್ಲ ಅಲ್ವಾ? ನಾಳೆಯಿಂದ ನಿಂಗೆ ಮೈದಾ ಇಲ್ಲ!"

"ನಿಂದಾ? ಮುಖ ನೋಡ್ಕೊಂಡಿದೀಯಾ?" ಕ್ಷೌರಿಕ ಫೂರಿಯೋ ಅವನನ್ನು ಪಕ್ಕಕ್ಕೆ ತಳ್ಳಿದ. "ನರಹುಲಿ ನೋಡೋ. ಅದು ನಾನು! ಹತ್ತು ವರ್ಷದಿಂದ ಕಾಯ್ತಿದೀನಿ."

ಇಬ್ಬರೂ ಕಾಲರ್ ಹಿಡಿದುಕೊಂಡು ಚಕ್ರದ ಮುಂದೆಯೇ ಜಗಳಕ್ಕೆ ನಿಂತರು. ಬಂಡಿ ಆರ್ಜಿಯಾಳ ಬಾಲ್ಕನಿಯ ಕೆಳಗೇ ನಿಂತಿತು.

ಇಸೊಲೀನಾಗೆ ಮೈ ಉರಿಯಿತು. ಅದೇ ಗಲ್ಲ, ಅದೇ ನರಹುಲಿ ಪಕ್ಕದಲ್ಲೇ ಕೂತಿವೆ, ಒಬ್ಬನಿಗಾದರೂ ಹೊಳೆಯಬಾರದೇ? ಬೀದಿಯಲ್ಲಿ ನಿಂತವರಿಗೇ ತಿಳಿಯದಿದ್ದರೆ ಮುಚ್ಚಿದ ಕಿಟಕಿಯ ಹಿಂದಿನವಳಿಗೆ ಹೇಗೆ ತಿಳಿಯಬೇಕು? ಕೈ ಸುಮ್ಮನೆ ಹಗ್ಗ ಎಳೆಯುತ್ತಲೇ ಇತ್ತು.

ಮೇಲೆ ಮುಚ್ಚಿದ ಕಿಟಕಿಯ ಮರದ ಪಟ್ಟಿಯೊಂದು ಬೆರಳಷ್ಟು ಎದ್ದಿತು. ಮರುಕ್ಷಣ ಅದರ ಎರಡೂ ಬಾಗಿಲು ಗೋಡೆಗೆ ಬಡಿದು ತೆರೆದವು.

"ಏಯ್ ಪೆದ್ದುಗಳಾ, ಬಿಡ್ರೋ ಕಾಲರ್‌ನ!" ಆರ್ಜಿಯಾಳ ಗಂಟಲು ಕಿಂಚಿತ್ತೂ ಸವೆದಿರಲಿಲ್ಲ. "ಅದು ಇವಳೇ ಕಣ್ರೋ! ಮೂಗು ಚಿಕ್ಕದು ಮಾಡ್ಕೊಂಡಿದಾಳೆ, ನಿಮಗೆಲ್ಲಿ ಗೊತ್ತಾಗ್ಬೇಕು? ಆ ಮೂಗಿನ ನೆರಳಲ್ಲಿ ಕೂತು ಅಕ್ಷರ ಕಲಿತವಳು ನಾನು!"

ಬೀದಿಗೆ ಬೀದಿಯೇ ಗೊಳ್ಳೆಂದಿತು. ಇಸೊಲೀನಾ ಟೋಪಿ ಕಿತ್ತೆಸೆದು ಎದ್ದು ನಿಂತಳು. ಅಸಲಿ ಮೂಗು ಕೆಂಪಾಗಿತ್ತು.

"ಏನ್ ಮಹಾ ಕಮ್ಮಿ ಮಾಡಿದೀನೇ? ಒಂದು ಚೂರು!"

"ಎರಡು ಬೆರಳು, ಕಳ್ಳೀ! ನನ್ನ ಬಾಯಿ ಮಾಡೋವಾಗ ಒಂದು ಚೂರಾದ್ರೂ ಬಿಟ್ಟಿದ್ಯಾ?"

"ಹಾಗಾದ್ರೆ ಇಳಿದು ಬಂದು ಅಳೆಯೇ!"

ಆರ್ಜಿಯಾ ಸರಕ್ಕನೆ ಒಳಗೆ ಹೋದಳು. ಕಿಟಕಿ ಮತ್ತೆ ಮುಚ್ಚೀತೆಂದೇ ಜನ ಕಾದರು. ಇಸೊಲೀನಾ ಹಗ್ಗ ಹಿಡಿದು ಮೇಲೆಯೇ ನೋಡುತ್ತಿದ್ದಳು. ಕೆಳಗೆ ಬೀದಿಬಾಗಿಲು ತೆರೆಯಿತು. ಆರ್ಜಿಯಾಳ ಕೈಯಲ್ಲಿ ಹೊಲಿಗೆಯ ಅಳತೆ ಟೇಪಿತ್ತು.