ಪರದೆಯಾಚೆ ಉಳಿದ ಫೋನ್ ನಂಬರು

ಗೋವಾದ ಫೋಂಡಾ ಪೇಟೆಯಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿಗಳ ಶಟರ್ ಇಳಿದರೆ ಮತ್ತೆ ಏಳುವುದು ನಾಲ್ಕಕ್ಕೆ. ನಡುವೆ ಗಂಡಸರು ಮಲಗುತ್ತಾರೆ. ಸೀಮಾಳ ಗಂಡ ದೀಪಕನೂ ಮಲಗುತ್ತಿದ್ದ. ಅವನದು ಸ್ಟೀಲ್ ಪಾತ್ರೆಗಳ ಅಂಗಡಿ, ಮಹಡಿಯ ಮೇಲೆ ಮನೆ. ಬೆಳಗಾವಿಯಿಂದ ಬಂದ ಆ ಮನೆತನ ಮೂವತ್ತು ವರ್ಷ ಪಾತ್ರೆ ಮಾರಿತ್ತು. ಒಬ್ಬ ಗಂಡಸೂ ಒಂದು ಲೋಟ ತಿಕ್ಕಿರಲಿಲ್ಲ.

ಸೀಮಾ ಮದುವೆಗೆ ಮುಂಚೆ ಆರು ತಿಂಗಳು ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದಳು. ೨೦೦೭ರ ಮಳೆಗಾಲದಲ್ಲಿ ದೀಪಕನಿಗೆ ಅಂಗಡಿಗೊಂದು ಸೈಟ್ ಬೇಕೆನಿಸಿತು.

"ನೀನ ಮಾಡು. ಚೌತಿಯೊಳಗ ಚಲೋ ಆಗ್ಲಿಲ್ಲಂದ್ರ ಮಡಗಾಂವದಾಗ ಯಾರಿಗರ ಕೊಡ್ತೇನಿ" ಎಂದ.

ಊಟದ ಪಾತ್ರೆ ತೊಳೆದು, ಮೊಣಕಾಲು ನೋವಿನ ಅತ್ತೆ ಮುರುಗೆವ್ವನಿಗೆ ಎಣ್ಣೆ ಹಚ್ಚಿ, ಮೂರಕ್ಕೆ ಅವಳು ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ರಾತ್ರಿಗೇನು ಪಲ್ಲೆ ಎಂದು ಯಾರೂ ಕೇಳದ ಆ ಒಂದು ತಾಸು ಕೈತಪ್ಪಿ ಹೋಗುವುದು ಅವಳಿಗೆ ಬೇಡವಾಗಿತ್ತು.

ದೀಪಕ ಹೊಸದಾಗಿ ಅಗಲದ ಮಾನಿಟರ್ ತಂದಿದ್ದ. "ಇದರಾಗ ಹೆಂಗ ಕಾಣಸ್ತದೋ ಎಲ್ಲಾ ಕಡೆ ಹಂಗ ಕಾಣಸ್ಬೇಕು. ಅತ್ತಾಗಿತ್ತಾಗ ಸರೀಬಾರ್ದು."

ಅವಳು ಪುಟದ ಅಗಲವನ್ನು ಸಾವಿರದಿನ್ನೂರು ಪಿಕ್ಸೆಲ್‌ಗೆ ಕಟ್ಟಿಹಾಕಿದಳು. ಎಡಕ್ಕೆ ಕುಕ್ಕರುಗಳು, ನಡುವೆ ಅಡುಗೆಯ ಪಾತೇಲಿಗಳು, ಬಲ ತುದಿಯಲ್ಲಿ ಫೋನ್ ನಂಬರು. ನೋಡಲು ಚೆನ್ನಾಗಿತ್ತು. ಆದರೆ ಬೇರೆಯವರಿಗೆ ಇದು ಹೇಗೆ ಕಾಣುತ್ತದೆ? ತರಕಾರಿಗೆ ಹೋದಾಗ ಚೀಲ ಹಿಡಿದುಕೊಂಡೇ ಬಸ್ ನಿಲ್ದಾಣದ ಸೈಬರ್ ಕೆಫೆಗೆ ನುಗ್ಗಿದಳು.

ಅಲ್ಲಿನ ಹಳೆಯ ದಪ್ಪ ಮಾನಿಟರಿನಲ್ಲಿ ಪುಟದ ಬಲಭಾಗವೇ ಇರಲಿಲ್ಲ. ಪಕ್ಕದಲ್ಲಿ ದೇವಿಬಾಯಿ ಕೂತಿದ್ದಳು. ಮಡ್ಕಯಿಯ ಕಾರ್ಖಾನೆ ಕೆಲಸಗಾರರಿಗೆ ಖಾನಾವಳಿ ನಡೆಸುವವಳು, ಮಗಳಿಂದ ಯಾವುದೋ ಅರ್ಜಿ ತುಂಬಿಸುತ್ತಿದ್ದಳು.

"ಅಕ್ಕಾ, ಈ ಅಂಗಡಿಗೆ ಫೋನ್ ಮಾಡಬೇಕಾದ್ರ ಹೆಂಗ ಮಾಡ್ತಿ?"

ದೇವಿಬಾಯಿ ಬಗ್ಗಿ ನೋಡಿದಳು. "ಪಾತೇಲಿ ಭಾಳ ಚಲೋ ಅದಾವ. ನಂಬರ್ ಎಲ್ಲೈತಿ? ಹುಡುಗಿ ತೋರ್ಸಿ ಮನಿ ವಿಳಾಸ ಮುಚ್ಚಿಟ್ಟಂಗಾತಲ್ಲ!"

"ಕೆಳಗಿನ ಪಟ್ಟಿ ಬಲಕ್ಕ ಎಳದ್ರ ಕಾಣಸ್ತದ."

"ಯಾಕ ಎಳೀಲಿ? ಎದ್ದು ಮುಂದಿನ ಅಂಗಡಿಗೆ ಹೋಗ್ತೇನಿ."

ಮರುದಿನದಿಂದ ಸೀಮಾ ಪಿಕ್ಸೆಲ್ ಬಿಟ್ಟು ಪರದೆಯ ಅಗಲದ ಶೇಕಡಾ ಲೆಕ್ಕ ಹಿಡಿದಳು. ಈಗ ಪುಟ ಪರದೆಗೆ ತಕ್ಕಂತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಕೆಫೆಯಲ್ಲಿ ನಂಬರು ಕಂಡಿತು. ದೀಪಕನ ಮಾನಿಟರಿನಲ್ಲಿ ಮಾತ್ರ ಸಾಲುಗಳು ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದಂತೆ ಉದ್ದಕ್ಕೆ ಎಳೆದುಕೊಂಡವು.

"ಏನಿದು? ಒಂದ ಸಾಲ ಓದೂದ್ರಾಗ ಕುತ್ತಿಗಿ ಹಿಡೀತದ. ಮಡಗಾಂವಕ್ಕ ಫೋನ್ ಮಾಡ್ಲಿ?"

ಕುತ್ತಿಗೆಯ ಮಾತೂ ಸುಳ್ಳಾಗಿರಲಿಲ್ಲ. ಸೀಮಾ ಮಾನಿಟರಿನಲ್ಲಿ ತೆರೆದಿದ್ದ ಬ್ರೌಸರ್ ಕಿಟಕಿಯನ್ನು ಕೆಫೆಯ ಪರದೆಯಷ್ಟೇ ಅಗಲಕ್ಕೆ ಎಳೆದು, ಅವನ ಇಷ್ಟದ ಹಳೆಯ ಪುಟ ತೆರೆದಳು.

"ಫೋನ್ ನಂಬರ್ ಹುಡುಕ್ರಿ."

ಅವನು ಮೇಲೆ ಕೆಳಗೆ ಹುಡುಕಿದ. ಕನ್ನಡಕ ಒರೆಸಿಕೊಂಡ.

"ಖಾನಾವಳಿ ದೇವಿಬಾಯಿಗೂ ಸಿಗಲಿಲ್ಲ" ಎಂದಳು. "ಎದ್ದು ಮುಂದಿನ ಅಂಗಡಿಗೆ ಹೋಗ್ತಾಳಂತ."

ಐವತ್ತು ಜನರಿಗೆ ಅಡುಗೆ ಮಾಡುವವಳ ಹೆಸರು ಕೇಳಿ ದೀಪಕ ಮೆತ್ತಗಾದ. "ಹಂಗಾದ್ರ ಹಿಗ್ಗಲಿ. ಆದ್ರ ಒಂದ ಹದಕ್ಕ ನಿಲ್ಲಬೇಕು. ಆಗ್ತದೇನು?"

"ಆಗಬಹುದು. ಹೆಂಗ ಅಂತ ನನಗೂ ತಿಳಿದಿಲ್ಲ, ಹುಡುಕಬೇಕು. ಚೌತಿ ಮಟಾ ಉಂಡ ಕೂಡ್ಲೆ ಕೂಡ್ತೇನಿ, ನಾಕರ ತನಕ."

"ಕೂಡು. ಉಂಡ ಪಾತ್ರಿ?"

"ನೀವು ಮಲಗೂ ಹೊತ್ತು ಅದ ಅಲ್ಲ?"

"ಅವ್ವನ ಕೇಳೋಣ."

"ಅವ್ವನ ಮೊಣಕಾಲಿಗೆ ಕೇಳ್ರಿ."

ಮರುದಿನ ಉಂಡವಳೇ ಸೀಮಾ ಕೆಳಗಿಳಿದು ಕೂತಳು. ಮೇಲೆ ನೀರು ಬೀಳುವ ಸದ್ದು, ಏನೋ ಉರುಳಿದ ಸದ್ದು, ಮುರುಗೆವ್ವನ ನಗು. ಆಮೇಲೆ ಮೆಟ್ಟಿಲ ಮೇಲಿನಿಂದ ದೀಪಕನ ದನಿ:

"ಸೀಮಾ, ಕುಕ್ಕರಿನ ರಬ್ಬರ್ ಬಿಚ್ಚಿ ತೊಳೀಬೇಕೇನು?"

"ಹೌದ್ರಿ" ಎಂದು ಅವಳು ಕಿಟಕಿಯ ಅಂಚನ್ನು ಇನ್ನಷ್ಟು ಒಳಕ್ಕೆ ಎಳೆದಳು. ಪುಟದ ಮೂರನೇ ಪಾತೇಲಿಯ ಚಿತ್ರ ಸರ್ರನೆ ಕೆಳಗಿನ ಸಾಲಿಗೆ ಜಾರಿತು. ಮತ್ತೆ ಹಿಗ್ಗಿಸಿದಳು, ಮೇಲೆ ಬಂತು. ಎಷ್ಟು ಅಗಲಕ್ಕೆ ಜಾರುತ್ತದೆಂದು ನೋಡಲು ಈ ಸಲ ನಿಧಾನವಾಗಿ ಎಳೆದಳು.