ಏಳನೇ ಡ್ರಮ್ಮಿನ ನೀಲವ್ವ

ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತ ನೀಲವ್ವನನ್ನು ಮೊದಲ ಸಲ ಕಂಡಾಗ, ಈಕೆಗೆ ತಲೆ ನೆಟ್ಟಗಿಲ್ಲ ಅಂದುಕೊಂಡಿದ್ದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ನಲವತ್ತು ದಾಟಿದ ಹೆಂಗಸು ತಲೆ ತುಂಬ ಸೆರಗು ಹೊದ್ದು, ಗೇರು ಗಿಡದ ಕೊಂಬೆ ಬಗ್ಗಿಸಿ, ಜ್ವರ ಬಂದ ಕೂಸನ್ನು ನೋಡುವಂತೆ ಎಲೆಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಇದರ ಮೈ ಕಾದೈತ್ರಿ ಅಕ್ಕಾರ. ಆ ಕಡೀವು ತಂಪದಾವು" ಅಂದಳು.

ಅದು ಎರಡು ಸಾವಿರದ ಹದಿಮೂರರ ಬೇಸಿಗೆ. ಆಗ ಔರಂಗಾಬಾದ್ ಅನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದ ಹೊರಗೆ ಒಂದು ಸಣ್ಣ ಸರ್ಕಾರಿ ಪ್ರಯೋಗ ತೋಟ. ತುಮಕೂರಿನಿಂದ ಹೋದ ನಾನು ಅಲ್ಲಿ ಗುತ್ತಿಗೆ ಮೇಲಿದ್ದ ಸಂಶೋಧಕಿ. ಜೂನ್‌ಗೆ ಗುತ್ತಿಗೆ ಮುಗಿಯುವುದಿತ್ತು. ಇಂಡಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದ ನೀಲವ್ವ, ಇಟ್ಟಿಗೆ ಹೊತ್ತು ಸಾಕಾಗಿ ನಮ್ಮಲ್ಲಿ ದಿನಗೂಲಿಗೆ ಸೇರಿದ್ದಳು. ಇಡೀ ತೋಟದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅದೂ ಒಬ್ಬರದು ಒಬ್ಬರಿಗೆ ಅರ್ಧಂಬರ್ಧ. "ನಿಮ್ದು ಸಾಲಿ ಪುಸ್ತಕದ ಮಾತು ಬಿಡ್ರಿ" ಎಂದು ಅಣಕಿಸುವಳು.

ನಮ್ಮ ಪ್ರಯೋಗ ಸರಳ. ಹದಿನಾರು ದೊಡ್ಡ ಡ್ರಮ್ಮುಗಳಲ್ಲಿ ಹದಿನಾರು ಕಸಿ ಗೇರು ಗಿಡ, ಎಂಟೆಂಟರ ಎರಡು ಸಾಲು. ಒಂದು ಸಾಲಿಗೆ ದಿನವೂ ಟ್ಯಾಂಕರ್ ನೀರು. ಇನ್ನೊಂದಕ್ಕೆ ಜೀವ ಹಿಡಿಯುವಷ್ಟೇ, ವಾರಕ್ಕೊಂದು ಕೊಡ. ಬರ ಬಂದಾಗ ಗೇರು ಗಿಡ ತನ್ನ ಊಟ ಹೇಗೆ ಮಾಡಿಕೊಳ್ಳುತ್ತದೆ ಅನ್ನುವುದನ್ನು ನಾನು ಯಂತ್ರ ಹಿಡಿದು ಅಳೆಯಬೇಕು. ಎಲೆಯನ್ನು ಕಚ್ಚಿ ಹಿಡಿಯುವ ಆ ದುಬಾರಿ ಯಂತ್ರಕ್ಕೆ ನೀಲವ್ವ ಇಟ್ಟ ಹೆಸರು ಚಿಮಟಾ, ಅಂದರೆ ಇಕ್ಕಳ.

ಒಂದು ದಿನ ಅವಳಿಗೆ ಕೂತು ವಿವರಿಸಿದೆ. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಬಾಯಿ ತೆರೆದರೆ ಗಾಳಿ ಒಳಗೆ ಹೋಗಿ, ಬಿಸಿಲು ಕೂಡಿ, ಗಿಡಕ್ಕೆ ಅಡುಗೆಯಾಗುತ್ತದೆ. ಆದರೆ ಅದೇ ಬಾಯಿಂದ ಮೈಯೊಳಗಿನ ನೀರು ಆವಿಯಾಗಿ ಹೋಗುತ್ತದೆ. ಬೇರಿಗೆ ನೀರು ಸಿಗದಿದ್ದರೆ ಗಿಡ ಬಾಯಿ ಮುಚ್ಚಿಬಿಡುತ್ತದೆ. ನೀರೇನೋ ಉಳಿಯಿತು, ಊಟ ಹೋಯಿತು. ಬೆವರು ನಿಂತದ್ದಕ್ಕೆ ಎಲೆಯ ಮೈ ಕಾಯುತ್ತದೆ.

ನೀಲವ್ವ ಪೂರಾ ಕೇಳಿಸಿಕೊಂಡು, "ನಮ್ಮತ್ತಿ ಥೇಟ್ ಹಿಂಗ ಇದ್ದಳ್ರಿ. ಸಿಟ್ಟು ಬಂದ್ರ ಬಾಯಿ ಮುಚ್ಕೊಂಡು ಉಪಾಸ ಕುಂದ್ರಾಕಿ. ಒಳಗ ಮೈ ಕುದಿಯೂದು" ಅಂದಳು. ನನ್ನ ಪ್ರೊಫೆಸರು ಒಂದು ವರ್ಷ ಹೇಳಿದ ಪಾಠ ಅಷ್ಟರಲ್ಲಿ ಮುಗಿಯಿತು. ಅವತ್ತಿನಿಂದ ಚಿಮಟಾಕ್ಕೂ ಅವಳ ಕೆನ್ನೆಗೂ ಪೈಪೋಟಿ. ನಾನು ಯಂತ್ರ ಜೋಡಿಸುವುದರೊಳಗೆ ಅವಳು, "ಮೂರು ಮುಚ್ಚೈತ್ರಿ, ನಾಕೂ ಮುಚ್ಚೈತ್ರಿ" ಎಂದು ಸಾಲು ಮುಗಿಸಿರುತ್ತಿದ್ದಳು. ತಪ್ಪಿದ್ದು ಕಡಿಮೆ.

ಆ ಬರದ ಸಾಲಿನಲ್ಲೇ ಏಳನೆಯ ಗಿಡ ನನ್ನ ತಲೆ ಕೆಡಿಸಿತು. ಉಳಿದ ಏಳೂ ಬಾಯಿ ಮುಚ್ಚಿ ಎಲೆ ಉದುರಿಸುತ್ತಿದ್ದರೆ ಇದು ಮಾತ್ರ ಹಸಿರಾಗಿ, ನೀರುಂಡ ಸಾಲಿನ ಗಿಡಗಳಿಗೆ ಸರಿಸಮ ಅಡುಗೆ ಮಾಡುತ್ತಿತ್ತು. ಮೂರು ವಾರ ಅಳೆದೆ. ಅದೇ ಲೆಕ್ಕ. ನೀಲವ್ವನ ಕೆನ್ನೆಯೂ, "ಏಳು ತಂಪೈತ್ರಿ" ಅಂದಿತು. ಯಾಕಿರಬಹುದು ಅಂದರೆ, "ಅದರ ಪುಣ್ಯಾರೀ" ಅಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಬರಕ್ಕೆ ಬಗ್ಗದ ಗೇರು! ಗುತ್ತಿಗೆ ಮುಂದುವರಿಯುವುದಕ್ಕೆ ಇನ್ನೇನು ಬೇಕು? ನಾಸಿಕ್ ಕಚೇರಿಯಲ್ಲಿದ್ದ ನಮ್ಮ ಹಿರಿಯ ಅಧಿಕಾರಿ ಜೋಶಿ ಸಾಹೇಬರಿಗೆ ಫೋನು ಮಾಡಿದೆ. ಅವರು ಆ ಗುರುವಾರವೇ ಜೀಪು ಹತ್ತಿ ಬಂದರು.

ಸಾಹೇಬರು ಏಳನೆಯ ಗಿಡದ ಸುತ್ತ ಮೂರು ಸುತ್ತು ಬಂದರು. ಕಸಿಗೆ ಯಾವ ಕಡ್ಡಿ ತೆಗೆಯಬೇಕು ಅನ್ನುವ ತನಕ ಮಾತು ಹೋಯಿತು. ಮಧ್ಯಾಹ್ನ ನೀಲವ್ವ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರೂ ಬೇವಿನ ನೆರಳಲ್ಲಿ ಕೂತು ಉಂಡೆವು. ಮೊದಲೆಲ್ಲ ನಾನು ಊಟಕ್ಕೆ ರೂಮಿಗೆ ಹೋಗುತ್ತಿದ್ದೆ, ಕೂಲಿಯವರ ಜೊತೆ ಕೂತದ್ದು ಅವತ್ತೇ. ಉಂಡವರೆಲ್ಲ ತಟ್ಟೆಯಲ್ಲೇ ಕೈ ತೊಳೆದರು. ನೀಲವ್ವ ಆ ನೀರನ್ನೆಲ್ಲ ಒಂದು ಬಕೆಟ್ಟಿಗೆ ಬಗ್ಗಿಸಿ, ತಟ್ಟೆ ತೊಳೆದ ನೀರನ್ನೂ ಸೇರಿಸಿ, ನೆಟ್ಟಗೆ ನಡೆದು ಹೋಗಿ ಏಳನೇ ಡ್ರಮ್ಮಿಗೆ ಸುರಿದಳು.

ಸಾಹೇಬರು ನನ್ನ ಮುಖ ನೋಡಿದರು.

"ನೀಲವ್ವ, ಎಷ್ಟು ದಿನದಿಂದ ಹಾಕ್ತಿದ್ದೀರಿ?" ಎಂದು ಕೇಳಿದೆ.

"ದಿನಾ ಹಾಕ್ತೀನ್ರಿ."

"ಈ ಸಾಲಿಗೆ ವಾರದ ಕೊಡ ಬಿಟ್ಟು ನೀರು ಹಾಕಬಾರದು ಅಂತ ಹೇಳಿರಲಿಲ್ವಾ?"

"ನೀರೆಲ್ಲಿ ಹಾಕೀನ್ರಿ? ಕೈ ತೊಳದದ್ದಲ್ಲೇನ್ರಿ ಇದು? ಉಂಡ ಕೈ ತೊಳದದ್ದು ತುಳಿಯೂ ಜಾಗಾದಾಗ ಚೆಲ್ಲಬಾರದ್ರಿ, ಗಿಡದ ಬುಡಕ್ಕ ಹಾಕಬೇಕು. ಅದರಾಗ ಇಂಥಾ ಬರಗಾಲ. ಇದಾ ಹತ್ತರ ಇತ್ತು, ಹಾಕಿದೆ."

ಅವಳ ಮಾತನ್ನು ನಾನು ಹಿಂದಿಯಲ್ಲಿ ಹೇಳಿದ್ದೇ ತಡ, ಸಾಹೇಬರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲರೆದುರು ಮರ್ಯಾದೆ ಹೋದ ಉರಿಯಲ್ಲಿ, "ನಾಳೆಯಿಂದ ಕೆಲಸಕ್ಕೆ ಬರಬೇಡಿ" ಅಂದುಬಿಟ್ಟೆ. ನೀಲವ್ವ ಬಕೆಟ್ಟನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಜೀಪು ಹತ್ತುವಾಗ ಸಾಹೇಬರು, "ಆಕೆ ನಿನಗೆ ಸುಳ್ಳು ಹೇಳಲಿಲ್ಲ. ನೀನು ಕೇಳಲಿಲ್ಲ" ಅಂದರು. ಆ ಮಾತು ನಾಟಿತು. ನಾಲ್ಕನೆಯ ದಿನ ಅವಳಿದ್ದ ತಗಡಿನ ಶೆಡ್ಡಿಗೆ ಹೋದೆ. ತಪ್ಪಾಯಿತು ಅನ್ನಲು ಹೋದವಳು, ಬಾಯಿ ಬರದೆ, "ಕೆಲಸ ತುಂಬಾ ಇದೆ, ಬನ್ನಿ" ಅಂದು ಬಂದೆ. ಎಂಥ ದೊಡ್ಡಸ್ತಿಕೆ ನನ್ನದು! ಮರುದಿನ ಬಂದಳು. ಆದರೆ ಎಂಟು ದಿನ ತುಟಿ ಪಿಟ್ಟೆನ್ನಲಿಲ್ಲ. ಕೊಂಬೆ ಬಗ್ಗಿಸಿ ಎಲೆಗೆ ಕೆನ್ನೆ ಕೊಡುವಳು, ಬೆರಳು ಎತ್ತಿ ನಂಬರ್ ತೋರಿಸುವಳು, ಅಷ್ಟೇ. ಆಮೇಲೆ ಊಟದ ನೀರಿನ ಬಕೆಟ್ಟು ಹೊತ್ತು, ಬರದ ಸಾಲು ಪೂರಾ ದಾಟಿ, ಬೇಲಿಯಾಚೆಯ ಹುಣಸೆ ಗಿಡದ ತನಕ ಬಿಸಿಲಲ್ಲಿ ನಡೆಯುವಳು. ಅದನ್ನು ನೋಡುವುದು ನನಗೆ ಬೈಗುಳಕ್ಕಿಂತ ಕಷ್ಟವಾಗಿತ್ತು.

ಜೂನ್‌ನಲ್ಲಿ ಮಳೆ ಬಿತ್ತು. ಬರದ ಸಾಲಿಗೂ ಹೊಟ್ಟೆ ತುಂಬ ನೀರು ಕೊಟ್ಟೆವು. ಮಾರನೆಯ ದಿನವೇ ಎಲ್ಲ ಸರಿಹೋಗುತ್ತದೆಂದು ಯಂತ್ರ ಹಿಡಿದು ಓಡಿದರೆ ಬಾಯಿಗಳು ಇನ್ನೂ ಅರೆಮುಚ್ಚಿಯೇ ಇದ್ದವು. "ನೀರು ಕೊಟ್ಟರೂ ಯಾಕೆ ನೀಲವ್ವ?" ಎಂದು ಗೊಣಗಿದೆ. ಅವಳು ಆಗ ಮಾತಾಡಿದಳು. "ನೀರು ಕೊಟ್ಟ ಕೂಡಲೇ ತೆಗೀತಾವೇನ್ರಿ? ಸಿಟ್ಟು ಇಳೀಬೇಕಲ್ರಿ ಅಕ್ಕಾರ."

ವರದಿಯಲ್ಲಿ ಏಳನೆಯ ಗಿಡವನ್ನು ಕೈಬಿಟ್ಟು, ತಪ್ಪು ನನ್ನದೆಂದು ಬರೆದೆ. ಗುತ್ತಿಗೆ ಮುಂದುವರಿಯಲಿಲ್ಲ. ನಾಸಿಕ್‌ನಲ್ಲಿ ಜೋಶಿ ಸಾಹೇಬರಿಗೆ ಯಂತ್ರ ಒಪ್ಪಿಸಿ ಊರಿಗೆ ಹೋಗುವುದೆಂದು ಬಸ್ ಸ್ಟ್ಯಾಂಡಿಗೆ ಬಂದರೆ, ನೀಲವ್ವ ಅಲ್ಲಿ ರೊಟ್ಟಿ ಗಂಟು ಹಿಡಿದು ನಿಂತಿದ್ದಳು. ನಾನು ಬಸ್ಸಿನ ಮಾತು, ಮಳೆಯ ಮಾತು ಏನೇನೋ ಆಡಿದೆ. ಹೇಳಬೇಕಾದ್ದೊಂದು ಬಿಟ್ಟು. ಅವಳು ಸುಮ್ಮನೆ ಹತ್ತಿರ ಬಂದು, ಗೇರು ಎಲೆಗೆ ಕೊಡುತ್ತಿದ್ದ ಹಾಗೆಯೇ, ತನ್ನ ಕೆನ್ನೆಯನ್ನು ನನ್ನ ಕೆನ್ನೆಗೆ ಕೊಟ್ಟಳು.

"ಕಾದೈತ್ರಿ" ಅಂದಳು.

"ತಪ್ಪಾಯ್ತು ನೀಲವ್ವ. ಹಾಗೆ ಅನ್ನಬಾರದಿತ್ತು."

ಅಷ್ಟು ಹೇಳುವುದರಲ್ಲಿ ಅಳು ಬಂದಿತ್ತು. ಕಂಡಕ್ಟರು ಸೀಟಿ ಊದಿದ, ನಾನು ಹತ್ತಿ ಕೂತೆ. ನೀಲವ್ವ ಕಿಟಕಿಯಿಂದ ಗಂಟನ್ನು ನನ್ನ ಮಡಿಲಿಗೆ ಹಾಕಿ, "ಬಾಯಿ ತೆಗದ್ರಲ್ಲ, ಸಾಕು. ಇನ್ನ ಉಣ್ರಿ" ಅಂದಳು.

ಮರುವರ್ಷ ಆ ತೋಟಕ್ಕೆ ಹೋದಾಗ ಅವಳಿರಲಿಲ್ಲ. ಗಂಡನಿಗೆ ಬೇರೆಲ್ಲೋ ಕೆಲಸ ಸಿಕ್ಕಿತಂತೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಬೇಲಿಯಾಚೆ ಹುಣಸೆ ಗಿಡ ಮಾತ್ರ ಸೊಂಪಾಗಿ ಚಿಗುರಿತ್ತು. ಆ ಬುಡದಲ್ಲೇ ಕೂತು ಬುತ್ತಿ ಬಿಚ್ಚಿ ಉಂಡು, ಡಬ್ಬಿಯಲ್ಲಿ ಕೈ ತೊಳೆದು, ನೀರನ್ನು ಅಲ್ಲೇ ಸುರಿದು ಬಂದೆ.