ನದಾಫ್ ಚಾಚಾ ಬರೆದಿಟ್ಟ ತಾರೀಖು

ನದಾಫ್ ಚಾಚಾ ಗೋಡೆಯನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಕೈಯ ಹಿಂಬದಿಯನ್ನು ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಿವಿಯ ಮೇಲೆ ಬೆರಳುದ್ದದ ಒಂದು ಪೆನ್ಸಿಲ್. ಇವರು ನೀರು ನಿಲ್ಲಿಸಲು ಬಂದವರೋ, ಮಂತ್ರ ಹಾಕಲು ಬಂದವರೋ ಎಂದು ಮೊದಲ ದಿನ ನನಗೆ ಅನುಮಾನವೇ ಆಗಿತ್ತು.

ಗದಗಿನ ಕಡೆಯ ಗೌಂಡಿ. ಮೂವತ್ತು ವರ್ಷಗಳ ಹಿಂದೆ ಕಡಲು ದಾಟಿ ಪೆನಾಂಗಿಗೆ ಕಟ್ಟಡದ ಕೆಲಸಕ್ಕೆ ಬಂದು, ಇಲ್ಲಿಯ ತಮಿಳು ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದವರು. ವಯಸ್ಸಾದ ಮೇಲೆ ಸೋರುವ ಮನೆಗಳ ರಿಪೇರಿ ಮಾತ್ರ ಮಾಡುತ್ತಿದ್ದರು. ಕನ್ನಡ ಒಂದಿಷ್ಟೂ ಮಾಸಿರಲಿಲ್ಲ, ಬಾಲಕ್ಕೆ ಇಲ್ಲಿಯವರ ಮಾತಿನ ‘ಲಾ’ ಒಂದು ಅಂಟಿಕೊಂಡಿತ್ತು, ಅಷ್ಟೇ. “ಆಗತೈತಿ ಲಾ, ತಂಗೀ” ಎಂದರೆ ಅರ್ಧ ಕೆಲಸ ಮುಗಿದಂತೆ.

ನಾನು ಬಯಾನ್ ಲೆಪಾಸಿನ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಗುಡ್ಡದ ಮಗ್ಗುಲಿನ ಈ ಮನೆ ಕೊಂಡದ್ದೇ ಅಮ್ಮನಿಗಾಗಿ. ಅವಳ ಮಂಡಿಗೆ ಮೆಟ್ಟಿಲು ಆಗದು. ಕೆಳಗಿನ ಕೋಣೆಗೆ ಗೇಟಿನಿಂದ ನೇರ ನಡೆದು ಬರಬಹುದು. ಆದರೆ ಅದರ ಹಿಂಗೋಡೆ ಕಿಟಕಿಯವರೆಗೂ ಗುಡ್ಡದ ಮಣ್ಣೊಳಗಿದೆ. ಮೊದಲ ಮಳೆಗೇ ಕಿಟಕಿಯ ಕೆಳಗಿನಿಂದ ನೆಲದ ಹತ್ತಿರದವರೆಗೆ ಬಿರುಕು ಬಿಟ್ಟು ನೀರು ಒಸರತೊಡಗಿತು. ಬೂಷ್ಟು ಹಿಡಿಯಿತು, ಅಮ್ಮನಿಗೆ ಉಬ್ಬಸ ಕೆರಳಿತು. ಇಬ್ಬರು ಬಂದು ಏನೇನೋ ಮೆತ್ತಿ ಬಣ್ಣ ಬಳಿದು ಹೋದರು. ನೀರು ಮಾತ್ರ ಜಗ್ಗಲಿಲ್ಲ. ಈ ಕೋಣೆ ಬಿಡಿಸಿ ಎಂದರು ಡಾಕ್ಟರು. ಬೇರೆ ದಾರಿ ಕಾಣದೆ, ತಿಂಗಳ ಕೊನೆಗೆ ಮೈಸೂರಿನ ಅಣ್ಣನ ಮನೆಗೆ ಅವಳ ಟಿಕೆಟ್ ಮಾಡಿಸಿದೆ. ಹಟ ಹಿಡಿದು ಕರೆಸಿಕೊಂಡವಳೂ ನಾನೇ, ಕಳಿಸುವವಳೂ ನಾನೇ.

ಅಂಥ ಹೊತ್ತಿನಲ್ಲಿ ಬಂದ ಚಾಚಾ, ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಎಂಟು ದಿನ ಬಿಟ್ಟು ಬರುತ್ತೇನೆಂದು ಹೊರಟರು. ನನಗೆ ರೇಗಿಹೋಯಿತು.

“ಅಮ್ಮನ ಟಿಕೆಟ್ ಆಗಿದೆ ಚಾಚಾ. ನೀವು ನೋಡಿದ್ರೆ ಗೋಡೆ ಮೇಲೆ ಡೇಟ್ ಬರೀತಿದೀರಾ!”

“ಬಿರುಕು ಬೆಳ್ಯಾಕತ್ತೈತೋ, ಸುಮ್ನ ಕುಂತೈತೋ ನೋಡಬೇಕಲ್ಲ ತಂಗೀ. ಬೆಳಿಯೋದನ್ನ ಮುಚ್ಚಿದ್ರ ಬಾಜೂಕ ಬಾಯಿ ತೆಗಿತೈತಿ.”

ಎಂಟನೆಯ ದಿನ ಬೆಳಿಗ್ಗೆಯೇ ಬಂದರು. ಬಿರುಕು ಗೆರೆ ದಾಟಿರಲಿಲ್ಲ. ಹಾಗಾದರೆ ನೀರಿನ ದಾರಿ ಹುಡುಕಬೇಕೆಂದು ಮನೆಯ ಹಿಂದಕ್ಕೆ ಹೋದರು. ಅಲ್ಲಿ ಗೋಡೆಗುಂಟ ಇದ್ದ ಮಳೆನೀರಿನ ಚರಂಡಿಗೆ ನಾನೇ ಮಣ್ಣು ತುಂಬಿಸಿ, ಅಮ್ಮನಿಗೆಂದು ಕರಿಬೇವು, ದೊಡ್ಡಪತ್ರೆ, ತುಳಸಿ ನೆಟ್ಟಿದ್ದೆ. ಅಮ್ಮ ಚೊಂಬು ಹಿಡಿದು ನೀರೆರೆಯುತ್ತಿದ್ದಳು. ಚಾಚಾ ಅವಳನ್ನು ನೋಡಿದರು, ಗೋಡೆಯನ್ನು ನೋಡಿದರು, ಕುಕ್ಕರುಗಾಲಲ್ಲಿ ಕುಳಿತು ನಗತೊಡಗಿದರು.

“ಅಕ್ಕಾರ, ದಿನಾ ಮುಂಜಾನೆ ನಿಮ್ಮ ಹಾಸಿಗಿಗೆ ನೀವ ನೀರು ಹಾಕಾಕತ್ತೀರಲ್ಲ ಲಾ!”

ಗುಡ್ಡದ ನೀರು ಹರಿದುಹೋಗುವ ಜಾಗ ಮುಚ್ಚಿದವಳು ನಾನು. ಎಂಜಿನಿಯರ್ ಅನ್ನಿಸಿಕೊಂಡವಳ ಮುಖ ಇಷ್ಟೇ ಇಷ್ಟಾಯಿತು. ಅವರು ಮಾತ್ರ, “ತಾಯಿಗಂತ ಹಚ್ಚೀರಿ. ಜಾಗಾ ತಪ್ಪೇತಿ, ಅಷ್ಟ” ಎಂದು ಗಿಡಗಳನ್ನು ಒಂದೊಂದಾಗಿ ಎತ್ತಿ ಖಾಲಿ ಪೇಂಟ್ ಡಬ್ಬಿಗಳಲ್ಲಿ ಊರಿದರು. ಚರಂಡಿ ಬಿಡಿಸಿದರು. ಆಮೇಲೆ ಬಿರುಕಿನ ಅಕ್ಕಪಕ್ಕ ಓರೆಯಾಗಿ ತೂತು ಕೊರೆದು, ಕೊಳವೆ ಸಿಕ್ಕಿಸಿ, ಕೆಳಗಿನಿಂದ ಮೇಲಕ್ಕೆ ಬಿರುಕು ತುಂಬುವ ಔಷಧ ಪಂಪ್ ಮಾಡಿದರು. ಒಳಗಿನ ನೀರು ತಾಗಿದ್ದೇ ಅದು ನೊರೆಯಾಗಿ ಬಿರುಕಿನುದ್ದಕ್ಕೂ ಹೊರಗುಕ್ಕಿತು.

“ಹಾಲು ಉಕ್ಕಿದ ಹಾಗೇ ಉಕ್ಕಿತಲ್ಲ! ಈ ಮನೆ ಗೃಹಪ್ರವೇಶ ಈಗಾಯ್ತು ಅನ್ನಿ” ಎಂದಳು ಅಮ್ಮ.

ಟಿಕೆಟ್ ರದ್ದು ಮಾಡಲು ಮಾತ್ರ ಚಾಚಾ ಬಿಡಲಿಲ್ಲ, ಒಂದು ದೊಡ್ಡ ಮಳೆ ಬರಲಿ ಎಂದರು. ಮೂರು ದಿನ ಜಡಿದು ಸುರಿಯಿತು. ನಾಲ್ಕನೆಯ ದಿನ ಬಂದು, ಕೈಯ ಹಿಂಬದಿ ಒತ್ತಿ, “ಇನ್ನ ಕ್ಯಾನ್ಸಲ್ ಮಾಡ್ರಿ ಲಾ” ಎಂದರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಆ ಗೆರೆಗಳ ಮೇಲೆ ಬಣ್ಣ ಬಳಿಯಕೂಡದೆಂದು ಅವರ ಕಟ್ಟಪ್ಪಣೆ. ಎರಡು ವರ್ಷ, ಪ್ರತಿ ದೊಡ್ಡ ಮಳೆಯ ನಂತರ, ಕರೆಯದೆಯೇ ಬಂದು ಮುಟ್ಟಿ ನೋಡಿ ತಾರೀಖು ಬರೆದು ಹೋಗುತ್ತಿದ್ದರು. ಅಮ್ಮ ಊಟಕ್ಕೆ ಏಳಿಸಿದರೆ, “ತಪಾವ್ ಮಾಡ್ರಿ ಅಕ್ಕಾರ, ಕಟ್ಟಿ ಕೊಡ್ರಿ, ಮನ್ಯಾಗ ಉಣ್ತೇನಿ” ಎಂದು ಬಿಸಿಬೇಳೆಬಾತು ಕಟ್ಟಿಸಿಕೊಳ್ಳುವರು.

ಕೊನೆಯ ಸಲ ಬಂದಾಗ ನಾನು ಫ್ಯಾಕ್ಟರಿಯಲ್ಲಿದ್ದೆ. ಸಂಜೆ ಅಮ್ಮ ಹೇಳಿದಳು: ಗೇಟಿನಿಂದ ಬರುವುದರಲ್ಲೇ ಅವರಿಗೆ ಏದುಸಿರು ಬಂದಿತ್ತಂತೆ. ಅವಳ ಮಂಚದ ಮೇಲೆ ಕುಳಿತು ಪೆನ್ಸಿಲನ್ನು ಅವಳ ಕೈಗಿಟ್ಟು, “ನನಗ ಬಗ್ಗಾಕ ಆಗವಲ್ದು ಅಕ್ಕಾರ. ಇನ್ಮ್ಯಾಲೆ ನೀವ ನೋಡ್ರಿ” ಎಂದರಂತೆ. ನಾಳೆ ಫೋನ್ ಮಾಡೋಣ ಎಂದುಕೊಂಡೆ. ಮಾಡಲಿಲ್ಲ. ಮೂರು ವಾರಕ್ಕೆ ಅವರ ಮಗಳಿಂದಲೇ ಫೋನ್ ಬಂತು: ಚಾಚಾ ಹೋಗಿಬಿಟ್ಟಿದ್ದರು. ಆ ನಾಳೆ ಈಗಲೂ ನನ್ನನ್ನು ಚುಚ್ಚುತ್ತದೆ.

ಹೋದ ವಾರ ನಾಲ್ಕು ದಿನ ಬಿಡದೆ ಮಳೆ. ಕೆಲಸದಿಂದ ಬಂದಾಗ ಅಮ್ಮ ಗೋಡೆಯ ಬುಡದಲ್ಲಿ ಸ್ಟೂಲು ಹಾಕಿಕೊಂಡು, ಕೈಯ ಹಿಂಬದಿ ಒತ್ತಿ, ಕಣ್ಣು ಮುಚ್ಚಿ ಕುಳಿತಿದ್ದಳು. ಉಸಿರು ಸಲೀಸಾಗಿ ಆಡುತ್ತಿತ್ತು. ಆಮೇಲೆ ಚಾಚಾನ ಅಕ್ಷರದ ಕೆಳಗೆ ತನ್ನ ನಡುಗುವ ಅಕ್ಷರದಲ್ಲಿ ತಾರೀಖು ಬರೆದು ನನ್ನತ್ತ ತಿರುಗಿದಳು.

“ಒಣಗಿದೆ ಕಣೇ. ಇನ್ನು ಯಾರಿಗೆ ಹೇಳೋದು?”